ಆಕಾಶದಲ್ಲಿ ಗುರುತು ಸಿಗದ ಬೆಳಕು: ವರದಿ ಬಂದಾಗ ಪರೀಕ್ಷಿಸುವ ಕ್ರಮ

ಹಾರುವ ತಟ್ಟೆ ಕಂಡಿತು ಎಂಬ ಸುದ್ದಿ ಬಂದ ಕೂಡಲೇ ಕೆಲವರು ನಂಬಿಬಿಡುತ್ತಾರೆ, ಕೆಲವರು ನಕ್ಕುಬಿಡುತ್ತಾರೆ. ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ, ಬಾನಂಚಿನಿಂದ ಎಷ್ಟು ಮೇಲೆ ಎಂದು ಕೇಳುವವರು ಕಡಿಮೆ. ಈ ಕೈಪಿಡಿ ಕೇಳಬೇಕಾದವರಿಗಾಗಿ ಬರೆದದ್ದು: ಹವ್ಯಾಸಿ ಖಗೋಳ ಸಂಘದವರು, ವಿಜ್ಞಾನದ ಮೇಷ್ಟ್ರುಗಳು, ಊರಿನ ವರದಿಗಾರರು.

ಅಮೆರಿಕದ ವಾಯುಪಡೆ ಇಂಥ ವರದಿಗಳ ಬಗ್ಗೆ ನಡೆಸುತ್ತಿದ್ದ ಪ್ರಾಜೆಕ್ಟ್ ಬ್ಲೂ ಬುಕ್ ತನಿಖೆಯನ್ನು 1969ರ ಡಿಸೆಂಬರಿನಲ್ಲಿ ಮುಚ್ಚಿತು. ಆಗ ಕಡತದಲ್ಲಿ 1947ರಿಂದ ಸೇರಿದ 12,618 ವರದಿಗಳಿದ್ದವು. ಅವುಗಳಲ್ಲಿ ಗುರುತಾಗದೆ ಉಳಿದವು 701. ಅದೇ ದೇಶದ ರಕ್ಷಣಾ ಇಲಾಖೆ ಇದೇ ಕೆಲಸಕ್ಕೆ 2022ರಲ್ಲಿ ತೆರೆದ 'ಆರೋ' ಕಚೇರಿ 2024ರ ವಾರ್ಷಿಕ ವರದಿಯಲ್ಲಿ 757 ಪ್ರಕರಣಗಳ ಲೆಕ್ಕ ಕೊಟ್ಟಿತು. ಅದರಲ್ಲಿ 444ನ್ನು ಮಾಹಿತಿ ಸಾಲದು ಎಂಬ ಕಾರಣಕ್ಕೇ ಬದಿಗಿಟ್ಟಿತು. ಅಷ್ಟು ಹಣ, ಅಷ್ಟು ರಾಡಾರ್ ಇರುವ ಕಡೆಯಲ್ಲೇ ಅರ್ಧಕ್ಕಿಂತ ಹೆಚ್ಚು ಪ್ರಕರಣ ವರದಿಯ ದೋಷದಿಂದ ನಿಂತುಹೋಗುತ್ತದೆ. ಹಾಗಾಗಿ ರಿಪೇರಿ ಶುರುವಾಗಬೇಕಾದ್ದು ವರದಿಯಿಂದಲೇ.

ಮೊದಲು ಬರೆಸಿಕೊಳ್ಳಬೇಕಾದ್ದು

ಕಂಡವರು ಕರೆ ಮಾಡಿದ ದಿನವೇ, ಆದರೆ ಕಂಡ ಜಾಗದಲ್ಲೇ ನಿಲ್ಲಿಸಿ ಕೇಳಿ. ಮನೆಯೊಳಗೆ ಕುಳಿತು ಹೇಳುವ ದಿಕ್ಕು ತಪ್ಪುತ್ತದೆ. ಅಂಗಳದಲ್ಲಿ ನಿಂತು 'ಆ ತೆಂಗಿನ ಮರದ ಎಡಕ್ಕೆ, ನೀರಿನ ಟ್ಯಾಂಕಿಗಿಂತ ಸ್ವಲ್ಪ ಮೇಲೆ' ಎಂದು ಕೈ ತೋರಿಸಿದರೆ ಅದು ಅಳೆಯಬಹುದಾದ ಮಾತು. ಫೋನಿನ ದಿಕ್ಸೂಚಿಯಲ್ಲಿ ಆ ಮರ ಉತ್ತರದಿಂದ ಎಷ್ಟು ಡಿಗ್ರಿಯಲ್ಲಿದೆ ಎಂದು ನೋಡಿ ಬರೆದುಕೊಳ್ಳಿ. ಕಬ್ಬಿಣದ ಗೇಟು, ಕಾರು, ಮೋಟಾರಿನ ಹತ್ತಿರ ದಿಕ್ಸೂಚಿ ಇಪ್ಪತ್ತು ಡಿಗ್ರಿಯಷ್ಟು ಸುಳ್ಳು ಹೇಳಬಲ್ಲದು. ನಾಲ್ಕು ಹೆಜ್ಜೆ ಸರಿದು ಇನ್ನೊಮ್ಮೆ ನೋಡಿ.

ಎತ್ತರಕ್ಕೆ ಕೈಯೇ ಅಳತೆಗೋಲು. ತೋಳನ್ನು ಪೂರ್ತಿ ಚಾಚಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಮುಷ್ಟಿಯ ಅಗಲ ಸುಮಾರು 10, ಬಿಡಿಸಿದ ಗೇಣು ಸುಮಾರು 20. ಇನ್ನೂ ನಿಖರವಾಗಿ ಬೇಕಾದರೆ ಕಣ್ಣಿನಿಂದ 57 ಸೆಂ.ಮೀ. ದೂರದಲ್ಲಿ ಸ್ಕೇಲು ಹಿಡಿಯಿರಿ. ಅದರ ಮೇಲಿನ 1 ಸೆಂ.ಮೀ. ಸರಿಯಾಗಿ 1 ಡಿಗ್ರಿ. ಹುಣ್ಣಿಮೆಯ ಚಂದ್ರ ಬರೀ ಅರ್ಧ ಡಿಗ್ರಿ, ಅಂದರೆ ಕಿರುಬೆರಳಿನ ಹಿಂದೆ ಪೂರ್ತಿ ಮರೆಯಾಗುತ್ತಾನೆ. ಇದನ್ನು ಕಂಡವರಿಗೇ ಮಾಡಿ ತೋರಿಸಿ. 'ಚಂದ್ರನ ನಾಲ್ಕರಷ್ಟಿತ್ತು' ಎಂದವರು ಆಮೇಲೆ ತಾವಾಗಿಯೇ ತಿದ್ದಿಕೊಳ್ಳುತ್ತಾರೆ.

ಗಾತ್ರ, ದೂರ, ವೇಗಗಳನ್ನು ಹೇಳಿದಂತೆ ಬರೆದುಕೊಳ್ಳಿ, ಆದರೆ ಲೆಕ್ಕಕ್ಕೆ ಬಳಸಬೇಡಿ. 'ತೆಂಗಿನಕಾಯಿ ಗಾತ್ರ' ಎಂದರೆ ಎಷ್ಟು ದೂರದಲ್ಲಿಟ್ಟ ಕಾಯಿ? ಹಿನ್ನೆಲೆಯಲ್ಲಿ ಮರ, ಗುಡ್ಡ ಏನೂ ಇಲ್ಲದ ಆಕಾಶದಲ್ಲಿ ದೂರ ಹೇಳುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಪೈಲಟ್‌ಗಳ ಕಣ್ಣಿಗೂ ಇಲ್ಲ. ಕೋನ ಮತ್ತು ಸಮಯ, ಇವೆರಡೇ ನಂಬಬಹುದಾದ ಮಾಹಿತಿ.

ಸಮಯವನ್ನು ನೆನಪಿನಿಂದ ಹೇಳಿಸಬೇಡಿ. ಆ ಹೊತ್ತಿನಲ್ಲಿ ಯಾರಿಗೋ ಫೋನ್ ಮಾಡಿರುತ್ತಾರೆ, ವಾಟ್ಸಾಪ್ ಕಳುಹಿಸಿರುತ್ತಾರೆ. ಆ ದಾಖಲೆಯ ನಿಮಿಷ ಬರೆದುಕೊಳ್ಳಿ. ಉಪಗ್ರಹ, ವಿಮಾನಗಳ ದಾಖಲೆ ಹುಡುಕುವಾಗ ಅತಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ಆ ತಾಣಗಳು ಹಲವು ಬಾರಿ ಅಂತರರಾಷ್ಟ್ರೀಯ ಸಮಯ ತೋರಿಸುತ್ತವೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಇದನ್ನು ಮರೆತು ಇಡೀ ಪ್ರಕರಣ ದಾರಿ ತಪ್ಪುವುದುಂಟು.

ಎಷ್ಟು ಹೊತ್ತು ಕಂಡಿತು?

ಇದೊಂದು ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ.

ಒಂದರಿಂದ ಹತ್ತು ಸೆಕೆಂಡು: ಉಲ್ಕೆ. ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ಬರುವ ಕಲ್ಲು ಅದಕ್ಕಿಂತ ಹೆಚ್ಚು ಹೊತ್ತು ಉಳಿಯುವುದು ಅಪರೂಪ.

ಅರ್ಧ ನಿಮಿಷದಿಂದ ಎರಡು ನಿಮಿಷ, ತುಂಡುತುಂಡಾಗಿ ಒಂದರ ಹಿಂದೆ ಒಂದು ಉರಿಯುತ್ತಾ ನಿಧಾನಕ್ಕೆ ಸಾಗಿದರೆ: ಕೆಳಗೆ ಬೀಳುತ್ತಿರುವ ರಾಕೆಟ್ ಭಾಗ. ಇದರ ವೇಗ ಸೆಕೆಂಡಿಗೆ 8 ಕಿ.ಮೀ.ಗೂ ಕಡಿಮೆ. 2022ರ ಏಪ್ರಿಲ್ 2ರಂದು, ಯುಗಾದಿಯ ಸಂಜೆ, ಮಹಾರಾಷ್ಟ್ರದ ವಿದರ್ಭದಲ್ಲಿ ಸಾವಿರಾರು ಜನ ಇದನ್ನು ಕಂಡರು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಸುಮಾರು 3 ಮೀಟರ್ ಅಡ್ಡಳತೆಯ ಲೋಹದ ಉಂಗುರ ಸಿಕ್ಕಿತು. ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಅವಶೇಷವೆಂದು ತಜ್ಞರು ಹೊಂದಿಸಿದರು.

ಎರಡರಿಂದ ಆರು ನಿಮಿಷ, ಮಿನುಗದೆ ಒಂದೇ ಸಮನೆ ಸಾಗಿ ನಡುಬಾನಿನಲ್ಲೇ ಆರಿಹೋದರೆ: ಉಪಗ್ರಹ ಅಥವಾ ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಆರುವುದು ಭೂಮಿಯ ನೆರಳಿಗೆ ಹೊಕ್ಕಾಗ. ಹಾಗಾಗಿ ಇವು ಕಾಣುವುದು ಸೂರ್ಯ ಮುಳುಗಿದ ಒಂದೆರಡು ಗಂಟೆಯೊಳಗೆ ಅಥವಾ ಬೆಳಗಿನ ಜಾವ. ಕರ್ನಾಟಕದಿಂದ ನಡುರಾತ್ರಿ 12ಕ್ಕೆ ನಡುನೆತ್ತಿಯಲ್ಲಿ ಕಂಡದ್ದನ್ನು ಬಾಹ್ಯಾಕಾಶ ನಿಲ್ದಾಣ ಎಂದು ಬರೆದು ಕಡತ ಮುಚ್ಚಬೇಡಿ. ಆಗ ಅದರ ಮೇಲೆ ಬಿಸಿಲೇ ಬೀಳುವುದಿಲ್ಲ. ಮುತ್ತಿನ ಸರದಂತೆ ಹತ್ತಾರು ಬೆಳಕು ಸಾಲಾಗಿ ಹೋದರೆ ಅದು ಉಡಾವಣೆಯಾಗಿ ಕೆಲವು ದಿನಗಳಷ್ಟೇ ಆದ ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳ ಸಾಲು. 2019ರ ಮೇ ತಿಂಗಳಲ್ಲಿ ಮೊದಲ 60 ಉಪಗ್ರಹಗಳು ಹೋದಂದಿನಿಂದ ಜಗತ್ತಿನಾದ್ಯಂತ ಇದರ ವರದಿಗಳು ಬರುತ್ತಲೇ ಇವೆ. ಹೊಂದಿಸಿ ನೋಡುವಾಗ ಅದೇ ದಿನದ ಕಕ್ಷಾ ಮಾಹಿತಿ ಹಾಕಿ. ಈ ಉಪಗ್ರಹಗಳು ದಿನದಿನಕ್ಕೂ ಕಕ್ಷೆ ಏರಿಸಿಕೊಳ್ಳುತ್ತಿರುತ್ತವೆ, ವಾರದ ಹಿಂದಿನ ಮಾಹಿತಿ ನಿಮಿಷಗಟ್ಟಲೆ ತಪ್ಪುತ್ತದೆ.

ಐದರಿಂದ ಇಪ್ಪತ್ತು ನಿಮಿಷ: ವಿಮಾನ, ಡ್ರೋನ್, ಇಲ್ಲವೇ ಹಾರಿಬಿಟ್ಟ ಕಾಗದದ ದೀಪ. ನಮ್ಮತ್ತಲೇ ಬರುತ್ತಿರುವ ವಿಮಾನದ ಮುಂದೀಪ ಹಲವು ನಿಮಿಷ ಕದಲದೆ ನಿಂತಂತೆ ಕಾಣುತ್ತದೆ. ವಿಮಾನ ತಿರುಗಿದಾಗ ಆ ದೀಪ ತಟ್ಟನೆ ಮಾಯವಾಗುತ್ತದೆ. 'ನಿಂತಿತ್ತು, ಆಮೇಲೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಾರಿಹೋಯಿತು' ಎಂಬ ವರ್ಣನೆಯ ಹಿಂದೆ ಹಲವು ಸಲ ಇರುವುದು ಇದೇ. ಎಡ ರೆಕ್ಕೆಯ ಕೆಂಪು, ಬಲ ರೆಕ್ಕೆಯ ಹಸಿರು ಕಂಡಿತೇ ಎಂದು ಕೇಳಿ. ವಿಮಾನಗಳ ಜಾಡು ತೋರಿಸುವ ತಾಣಗಳು ಉಚಿತವಾಗಿ ಕೆಲವೇ ದಿನಗಳ ಹಳೆಯ ದಾಖಲೆ ಕೊಡುತ್ತವೆ. ವರದಿ ಬಂದ ದಿನವೇ ಪರದೆಯ ಚಿತ್ರ ತೆಗೆದಿಡಿ. ಸೇನೆಯ ವಿಮಾನಗಳು ಅದರಲ್ಲಿ ಕಾಣದಿರಬಹುದು. ಜಾಡಿನಲ್ಲಿಲ್ಲ ಎಂದ ಮಾತ್ರಕ್ಕೆ ವಿಮಾನವಲ್ಲ ಎಂದಾಗುವುದಿಲ್ಲ. ಕಾಗದದ ದೀಪವಾದರೆ ಕಿತ್ತಳೆ ಬಣ್ಣ, ನಡುಗುವ ಜ್ವಾಲೆ, ಗಾಳಿ ಬೀಸಿದತ್ತಲೇ ಪಯಣ. ದೀಪಾವಳಿ, ಹೊಸ ವರ್ಷ, ಮದುವೆ ಮನೆಗಳ ದಿನಾಂಕ ನೋಡಿ.

ಗಂಟೆಗಟ್ಟಲೆ ನಿಂತದ್ದರ ಬಗ್ಗೆ ವಿವರವಾಗಿ ಹೇಳಬೇಕು. ಅನುಭವಸ್ಥರೂ ಎಡವುವುದು ಇಲ್ಲೇ.

ಗಂಟೆಗಟ್ಟಲೆ ಉಳಿದ ಬೆಳಕು: ಲಡಾಖಿನ ಪ್ರಕರಣ

2012ರ ಆಗಸ್ಟಿನಿಂದ ಲಡಾಖಿನ ಪ್ಯಾಂಗಾಂಗ್ ಸರೋವರದ ಕಡೆಯ ಗಡಿಠಾಣೆಗಳಿಂದ ಒಂದೇ ಬಗೆಯ ವರದಿ ಬರತೊಡಗಿತು. ಹಳದಿ ಬಣ್ಣದ ಬೆಳಕಿನ ಗೋಳ ಚೀನಾದ ಕಡೆಯ ಬಾನಂಚಿನಿಂದ ಏಳುತ್ತದೆ, ಮೂರರಿಂದ ಐದು ಗಂಟೆ ನಿಧಾನಕ್ಕೆ ಆಕಾಶ ದಾಟುತ್ತದೆ, ಮರೆಯಾಗುತ್ತದೆ. 2013ರ ಫೆಬ್ರವರಿ ಹೊತ್ತಿಗೆ ಸೇನೆ ಇಂಥ 329 ದರ್ಶನಗಳನ್ನು ದಾಖಲಿಸಿತ್ತು. ಅವುಗಳಲ್ಲಿ 155 ನಮ್ಮ ಗಡಿಯೊಳಗೆ ಬಂದಿವೆ ಎಂದೂ ಬರೆದಿತ್ತು. ಬೇಹುಗಾರಿಕೆಯ ಡ್ರೋನ್ ಎಂಬ ಅನುಮಾನ. ರಾಡಾರಿನಲ್ಲಿ ಮಾತ್ರ ಏನೂ ಬೀಳಲಿಲ್ಲ. ಕೊನೆಗೆ ಪ್ರಶ್ನೆ ಬಂದದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ. 2013ರಲ್ಲಿ ಅಲ್ಲಿಯ ವಿಜ್ಞಾನಿಗಳು ಕೊಟ್ಟ ಉತ್ತರ: ಗುರು ಮತ್ತು ಶುಕ್ರ.

ಸೈನಿಕರನ್ನು ಹಗುರಾಗಿ ಕಾಣುವ ಪ್ರಕರಣವಲ್ಲ ಇದು. ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿ ಗಾಳಿ ತೆಳು, ದೂಳಿಲ್ಲ. ಅಲ್ಲಿ ಗ್ರಹಗಳು ಬಯಲುಸೀಮೆಯಲ್ಲಿ ಕಾಣುವುದಕ್ಕಿಂತ ಎಷ್ಟೋ ಪ್ರಖರ. ಬೆಟ್ಟದ ಅಂಚಿನ ಹಿಂದಿನಿಂದ ಮೂಡುವುದರಿಂದ ಯಾರೋ ಹಾರಿಬಿಟ್ಟಂತೆಯೇ ತೋರುತ್ತದೆ. ಎದುರಿಗಿರುವ ಅಪಾಯವೂ ನಿಜದ್ದೇ. ಆದರೂ ದಾಖಲೆಯ ಒಳಗೇ ಉತ್ತರವಿತ್ತು, ಅದನ್ನು ನೀವೂ ಲೆಕ್ಕ ಹಾಕಿ ನೋಡಬಹುದು. 2012ರ ಅಕ್ಟೋಬರ್ ಆರಂಭದಲ್ಲಿ ಲಡಾಖಿನಲ್ಲಿ ಗುರು ಮೂಡುತ್ತಿದ್ದುದು ರಾತ್ರಿ ಸುಮಾರು 9ಕ್ಕೆ, ಪೂರ್ವದಿಂದ ಈಶಾನ್ಯದತ್ತ ಸರಿದ ದಿಕ್ಕಿನಲ್ಲಿ. ಡಿಸೆಂಬರ್ 3ರಂದು ಗುರು ಸೂರ್ಯನಿಗೆ ನೇರ ಎದುರಿಗೆ ಬಂತು. ಆಗ ಮೂಡಿದ್ದು ಸಂಜೆ ಸುಮಾರು 5ಕ್ಕೆ. ಎರಡು ತಿಂಗಳಲ್ಲಿ ನಾಲ್ಕು ಗಂಟೆ, ಅಂದರೆ ದಿನಕ್ಕೆ 4 ನಿಮಿಷ ಮುಂಚೆ. ಯಾವ ಡ್ರೋನ್ ಚಾಲಕನೂ ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಎರಡು ತಿಂಗಳು ಹಾರಿಸುವುದಿಲ್ಲ. ಅದು ಭೂಮಿ ಸೂರ್ಯನನ್ನು ಸುತ್ತುವುದರ ಸಹಿ.

ಇದನ್ನು ಅಂಗಳದಲ್ಲಿ ಪರೀಕ್ಷಿಸುವುದು ಹೀಗೆ. ತಲೆಯನ್ನು ಗೋಡೆಗೋ ಕಂಬಕ್ಕೋ ಒರಗಿಸಿ ಅಲುಗದಂತೆ ಮಾಡಿಕೊಳ್ಳಿ. ಕತ್ತಲಲ್ಲಿ ಒಂಟಿ ಚುಕ್ಕಿಯನ್ನು ದಿಟ್ಟಿಸಿದರೆ, ಅದು ನಿಂತೇ ಇದ್ದರೂ ಅತ್ತಿತ್ತ ಓಲಾಡಿದಂತೆ ಮೆದುಳಿಗೆ ಭಾಸವಾಗುತ್ತದೆ. 'ಅಂಕುಡೊಂಕಾಗಿ ಹೋಯಿತು' ಎಂಬ ಮಾತು ಬರುವುದು ಇದರಿಂದ. ಬೆಳಕನ್ನು ವಿದ್ಯುತ್ ತಂತಿಗೋ ಸೂರಿನ ಅಂಚಿಗೋ ತಾಗಿಸಿ ನೋಡಿ, ಗಡಿಯಾರ ಹಿಡಿಯಿರಿ. 4 ನಿಮಿಷಕ್ಕೆ ಒಂದು ಕಿರುಬೆರಳಿನಷ್ಟು ಪಶ್ಚಿಮಕ್ಕೆ ಸರಿದರೆ ಅದು ನಕ್ಷತ್ರ ಅಥವಾ ಗ್ರಹ. ಮರುದಿನ ಅದೇ ಜಾಗದಲ್ಲಿ ನಿಂತಾಗ ಅದೇ ತಂತಿಯನ್ನು ಸುಮಾರು 4 ನಿಮಿಷ ಮುಂಚೆ ತಾಗಿದರೆ ಖಚಿತ.

ಒಂದು ಎಚ್ಚರಿಕೆ. ಬೆಳ್ಳಿಗೆ, ಅಂದರೆ ಶುಕ್ರನಿಗೆ, ಈ ಮರುದಿನದ 4 ನಿಮಿಷದ ಲೆಕ್ಕ ಒಪ್ಪುವುದಿಲ್ಲ. ಅದು ನಕ್ಷತ್ರಗಳ ನಡುವೆ ಸೂರ್ಯನ ಜೊತೆಜೊತೆಗೇ ಸರಿಯುವುದರಿಂದ ವಾರಗಟ್ಟಲೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಕಡೆ ಕಾಣುತ್ತದೆ. 'ದಿನಾ ಸಂಜೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ' ಎಂಬ ವರದಿಗೆ ಕಾರಣ ಇದೇ. ಬೆಳ್ಳಿ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಆದ್ದರಿಂದ ನಡುರಾತ್ರಿ ನೆತ್ತಿಯ ಮೇಲೆ ಕಂಡದ್ದು ಬೆಳ್ಳಿಯಲ್ಲ. ಕೆಂಪು, ಹಸಿರು, ನೀಲಿ ಹೊಳೆಯುತ್ತಾ ಬಾನಂಚಿನ ಬಳಿ ಕುಣಿಯುವಂತೆ ಕಂಡರೆ, ಅದರಲ್ಲೂ ಚಳಿಗಾಲದ ರಾತ್ರಿ ಆಗ್ನೇಯದಲ್ಲಿದ್ದರೆ, ಮೊದಲು ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ನೋಡಿ. ಬಾನಂಚಿನ ದಪ್ಪ ಗಾಳಿ ಅದರ ಬೆಳಕನ್ನು ಬಣ್ಣಬಣ್ಣಕ್ಕೆ ಒಡೆಯುತ್ತದೆ.

ಬಲೂನು

ಹಗಲಿನಲ್ಲಿ ಬೆಳ್ಳಗೆ, ಗಂಟೆಗಟ್ಟಲೆ, ಸದ್ದಿಲ್ಲದೆ ನಿಂತದ್ದು ಬಹುಮಟ್ಟಿಗೆ ಬಲೂನು. ನಮ್ಮ ಭಾಗಕ್ಕೆ ಮುಖ್ಯವಾದ ಮೂಲ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ಹೈದರಾಬಾದಿನಲ್ಲಿ ನಡೆಸುವ ಬಲೂನು ಕೇಂದ್ರ. ಅಲ್ಲಿಂದ ಏರುವ ಪಾಲಿಥೀನ್ ಬಲೂನುಗಳು 50ರಿಂದ 85 ಮೀಟರ್ ಅಡ್ಡಳತೆಯವು, ಹೈಡ್ರೋಜನ್ ತುಂಬಿದವು, 30ರಿಂದ 42 ಕಿ.ಮೀ. ಎತ್ತರಕ್ಕೆ ಹೋಗುತ್ತವೆ. 60 ಮೀಟರಿನ ಬಲೂನು 50 ಕಿ.ಮೀ. ದೂರದಿಂದ ಚಂದ್ರನ ಏಳನೇ ಒಂದು ಭಾಗದಷ್ಟು ಕಾಣುತ್ತದೆ, ಚೂಪು ಕಣ್ಣಿಗೆ ಚುಕ್ಕಿಗಿಂತ ದೊಡ್ಡದು. ನೆಲದ ಮೇಲೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷವಾದರೂ ಅಷ್ಟೆತ್ತರದಲ್ಲಿ ಬಿಸಿಲಿರುವುದರಿಂದ ಕತ್ತಲಾಗುತ್ತಿರುವ ಆಕಾಶದಲ್ಲಿ ಇದೊಂದೇ ಉರಿಯುತ್ತಿರುತ್ತದೆ. 2022ರ ಡಿಸೆಂಬರ್ 7ರಂದು ಹೈದರಾಬಾದ್ ಸುತ್ತಮುತ್ತ ಜನ ಕಂಡ ಬಿಳಿ ವಸ್ತು ಇಂಥದ್ದೇ. ಅದರ ಉಪಕರಣ ವಿಕಾರಾಬಾದ್ ಜಿಲ್ಲೆಯ ಹೊಲದಲ್ಲಿ ಇಳಿಯಿತು. ಕೇಂದ್ರವು ಹಾರಾಟಕ್ಕೆ ಮುಂಚೆ ಪತ್ರಿಕಾ ಪ್ರಕಟಣೆ ಕೊಡುತ್ತದೆ. ಹೊಲದಲ್ಲಿ ಬಣ್ಣದ ಪ್ಯಾರಾಚೂಟಿನ ಜೊತೆ ಪೆಟ್ಟಿಗೆ ಸಿಕ್ಕಿದರೆ ಬಿಚ್ಚಬೇಡಿ, ಪೊಲೀಸರಿಗೆ ತಿಳಿಸಿ.

ಹವಾಮಾನ ಇಲಾಖೆಯ ಚಿಕ್ಕ ರಬ್ಬರ್ ಬಲೂನುಗಳು ಬೇರೆ. ಬೆಳಿಗ್ಗೆ 5:30 ಮತ್ತು ಸಂಜೆ 5:30ರ ಅಳತೆಗಾಗಿ ಅದಕ್ಕೆ ಸ್ವಲ್ಪ ಮುಂಚೆ ಬಿಡುತ್ತಾರೆ, ಬೆಂಗಳೂರು ಮತ್ತು ಮಂಗಳೂರಿನಿಂದಲೂ.

ಬಲೂನು ಎಂದು ತೀರ್ಮಾನಿಸುವ ಮುನ್ನ ಆ ಎತ್ತರದ ಗಾಳಿಯ ದಿಕ್ಕು ನೋಡಲೇಬೇಕು. ನೆಲದ ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೂ ಮೇಲಿನ ಗಾಳಿ ಪೂರ್ವದಿಂದ ಇರಬಹುದು. 'ಗಾಳಿಗೆ ಎದುರಾಗಿ ಹೋಯಿತು' ಎಂಬುದು ಬಲೂನು ಅಲ್ಲ ಎನ್ನಲು ಸಾಲದು.

ಚಿತ್ರ, ವಿಡಿಯೊ ಬಂದಾಗ

ವಾಟ್ಸಾಪಿನಲ್ಲಿ ಚಿತ್ರವಾಗಿ ಬಂದದ್ದನ್ನು ಪರೀಕ್ಷೆಗೆ ಬಳಸಬೇಡಿ. ದಾರಿಯಲ್ಲಿ ಅದು ಕುಗ್ಗಿರುತ್ತದೆ, ತೆಗೆದ ಸಮಯ, ಲೆನ್ಸು, ಎಕ್ಸ್‌ಪೋಷರಿನ ವಿವರ ಅಳಿಸಿಹೋಗಿರುತ್ತದೆ. ಮೂಲ ಕಡತವನ್ನು 'ಡಾಕ್ಯುಮೆಂಟ್' ಆಗಿ ಕಳುಹಿಸಲು ಹೇಳಿ.

ಫೋನಿನಲ್ಲಿ ಹಿಗ್ಗಿಸಿ ತೆಗೆದ ಬೆಳಕು ದುಂಡಗೆ, ನಡುವೆ ಉಂಗುರ, ಒಳಗೆ ಏನೋ ಅಲುಗಿದಂತೆ ಕಂಡರೆ ಅದು ಫೋಕಸ್ ತಪ್ಪಿದ ಚುಕ್ಕಿ. ಕಪ್ಪು ಆಕಾಶದಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಆಟೋಫೋಕಸ್ ಹಿಂದೆಮುಂದೆ ತಡಕಾಡುತ್ತದೆ, ಚುಕ್ಕಿ ಹಿಗ್ಗಿ ತಟ್ಟೆಯಾಗುತ್ತದೆ. ಆ ತಟ್ಟೆಯ ಆಕಾರ ವಸ್ತುವಿನದಲ್ಲ, ಲೆನ್ಸಿನ ಕಿಂಡಿಯದು. ಅಮೆರಿಕದ ನೌಕಾಪಡೆಯವರು ತೆಗೆದ ಹಸಿರು ತ್ರಿಕೋನಗಳ ವಿಡಿಯೊ ಬಹಳ ಸುದ್ದಿಯಾಗಿತ್ತು. 2022ರ ಮೇ 17ರಂದು ಅಲ್ಲಿಯ ಸಂಸತ್ ಸಮಿತಿಯ ಮುಂದೆ ನೌಕಾ ಗುಪ್ತಚರ ವಿಭಾಗದ ಸ್ಕಾಟ್ ಬ್ರೇ, ರಾತ್ರಿ ನೋಟದ ಉಪಕರಣದ ಮೂಲಕ ಬಂದ ಬೆಳಕನ್ನು ಕ್ಯಾಮೆರಾದಲ್ಲಿ ಸೆರೆಹಿಡಿದಾಗ ತ್ರಿಕೋನ ಮೂಡಿತೆಂದು ವಿವರಿಸಿದರು. ನೀವು ಮಾಡಬೇಕಾದ ಪರೀಕ್ಷೆ: ಅದೇ ಫೋನು, ಅದೇ ಜೂಮು, ಮರುದಿನ ರಾತ್ರಿ ಗೊತ್ತಿರುವ ಒಂದು ನಕ್ಷತ್ರ ಮತ್ತು ದೂರದ ಒಂದು ಬೀದಿದೀಪ. ಅದೇ ತಟ್ಟೆ ಬಂದರೆ ಆಕಾರದ ಮಾತು ಅಲ್ಲಿಗೆ ಮುಗಿಯಿತು. ಬೆಳಕು ಏನೆಂಬುದು ಇನ್ನೂ ಉಳಿದಿರುತ್ತದೆ, ಅದಕ್ಕೆ ಸಮಯ ಮತ್ತು ದಿಕ್ಕಿಗೇ ಹೋಗಬೇಕು.

ಚಿತ್ರದಲ್ಲಿ ಬೀದಿದೀಪವೋ ಚಂದ್ರನೋ ಇದ್ದರೆ, ಅದರಿಂದ ಚಿತ್ರದ ನಟ್ಟನಡುವೆ ಗೆರೆ ಎಳೆದು ಆಚೆಗೆ ಅಷ್ಟೇ ದೂರ ಮುಂದುವರಿಸಿ. 'ವಸ್ತು' ಅಲ್ಲಿಯೇ ಇದ್ದರೆ ಲೆನ್ಸಿನೊಳಗಿನ ಪ್ರತಿಫಲನ. ಸಿಸಿಟಿವಿಯಲ್ಲಿ ರಾತ್ರಿ ಸುಳಿದ ಬಿಳಿ ಗೆರೆಗಳು ಬಹುತೇಕ ಕ್ಯಾಮೆರಾದ ಅದೃಶ್ಯ ಬೆಳಕಿಗೆ ಬಂದ ಹುಳುಗಳು. ಸಿಸಿಟಿವಿಯ ಗಡಿಯಾರವನ್ನು ನಂಬಬೇಡಿ: ಅದರ ಪರದೆಯ ಪಕ್ಕ ನಿಮ್ಮ ಫೋನಿನ ಸಮಯ ಹಿಡಿದು ಒಂದು ಚಿತ್ರ ತೆಗೆದರೆ ಎಷ್ಟು ವ್ಯತ್ಯಾಸವಿದೆ ಎಂದು ತಿಳಿಯುತ್ತದೆ.

ವೇಗದ ಭ್ರಮೆ

ಚಲಿಸುವ ವಿಮಾನದಿಂದ ತೆಗೆದ ವಿಡಿಯೊದಲ್ಲಿ ವೇಗ ಕಂಡರೆ ಅದು ಯಾರ ವೇಗ ಎಂದು ಕೇಳಿ. 'ಗೋಫಾಸ್ಟ್' ಎಂದು ಹೆಸರಾದ ಅಮೆರಿಕ ನೌಕಾಪಡೆಯ ವಿಡಿಯೊದಲ್ಲಿ ಬಿಳಿ ಚುಕ್ಕಿಯೊಂದು ಸಮುದ್ರದ ಮೇಲೆ ಬಾಣದಂತೆ ಸಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ನಾಸಾದ ಸ್ವತಂತ್ರ ತಂಡ ಪರದೆಯ ಮೇಲಿದ್ದ ಅಂಕಿಗಳಿಂದಲೇ ಲೆಕ್ಕ ಹಾಕಿತು. ವಿಮಾನ 25,000 ಅಡಿಯಲ್ಲಿತ್ತು. ಗುರಿಯ ದೂರವನ್ನು ಕೆಳಮುಖ ಕೋನದ ಸೈನ್ (ತ್ರಿಕೋನಮಿತಿಯ sine) ಬೆಲೆಯಿಂದ ಗುಣಿಸಿದರೆ ಎತ್ತರದ ವ್ಯತ್ಯಾಸ ಸಿಗುತ್ತದೆ. ವಸ್ತು ಇದ್ದದ್ದು ಅಲೆಗಳ ಮೇಲಲ್ಲ, 13,000 ಅಡಿ ಎತ್ತರದಲ್ಲಿ. 22 ಸೆಕೆಂಡಿನಲ್ಲಿ ಅದು ಸರಿದದ್ದು ಸುಮಾರು 390 ಮೀಟರ್, ಗಂಟೆಗೆ 64 ಕಿ.ಮೀ. ಆ ಎತ್ತರದಲ್ಲಿ ಗಾಳಿಯೇ ಅಷ್ಟು ವೇಗವಾಗಿ ಬೀಸುತ್ತದೆ. ಉಳಿದ ವೇಗ ಕ್ಯಾಮೆರಾ ಹೊತ್ತ ವಿಮಾನದ್ದು. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಕಂಬ ದೂರದ ಗುಡ್ಡದ ಮೇಲೆ ಓಡಿದಂತೆ ಕಾಣುವುದೂ ಹೀಗೆಯೇ.

ದೂರದ ಅಂದಾಜು ತಪ್ಪಿದರೆ ಸರ್ಕಾರಿ ತನಿಖೆಯೂ ಎಡವುತ್ತದೆ. ಚಿಲಿಯ ನೌಕಾಪಡೆಯ ಹೆಲಿಕಾಪ್ಟರ್ 2014ರ ನವೆಂಬರಿನಲ್ಲಿ ತೆಗೆದ ವಿಡಿಯೊವನ್ನು ಅಲ್ಲಿಯ ಅಧಿಕೃತ ಸಮಿತಿ ಎರಡು ವರ್ಷ ಪರಿಶೀಲಿಸಿ, ಗುರುತಾಗಲಿಲ್ಲವೆಂದು 2017ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಹವ್ಯಾಸಿಗಳು ವಿಮಾನಗಳ ಜಾಡಿನ ದಾಖಲೆ ತೆಗೆದು, ಸ್ಯಾಂಟಿಯಾಗೊದಿಂದ ಹೊರಟ ಪ್ರಯಾಣಿಕ ವಿಮಾನವನ್ನು ಅದೇ ದಿಕ್ಕಿನಲ್ಲಿ ಹೊಂದಿಸಿದರು. ಅದು ಸಿಬ್ಬಂದಿ ಅಂದಾಜಿಸಿದ್ದಕ್ಕಿಂತ ಬಹಳ ದೂರದಲ್ಲಿತ್ತು. ದಿಕ್ಕನ್ನು ಹಿಡಿದು ಹುಡುಕಿ, ದೂರವನ್ನು ಹಿಡಿದು ಹುಡುಕಬೇಡಿ.

ತಪ್ಪು ಉತ್ತರವೂ ದೋಷವೇ

1948ರ ಜನವರಿ 7ರಂದು ಅಮೆರಿಕದ ಕೆಂಟಕಿಯಲ್ಲಿ ಹೊಳೆಯುವ ವಸ್ತುವೊಂದನ್ನು ಬೆನ್ನಟ್ಟಿ ಏರಿದ ಪೈಲಟ್ ಥಾಮಸ್ ಮ್ಯಾಂಟೆಲ್ ವಿಮಾನ ಪತನವಾಗಿ ತೀರಿಕೊಂಡರು. ತನಿಖೆ ಮೊದಲು ಶುಕ್ರಗ್ರಹ ಎಂದಿತು. ಶುಕ್ರ ಆ ದಿಕ್ಕಿನಲ್ಲಿತ್ತು ನಿಜ, ಆದರೆ ಹಾಡುಹಗಲಿನಲ್ಲಿ ಅಷ್ಟು ದೊಡ್ಡದಾಗಿ ಎದ್ದು ಕಾಣುವಷ್ಟು ಪ್ರಖರವಾಗಿರಲಿಲ್ಲ. ನಂತರ ಒಪ್ಪಿತವಾದ ವಿವರಣೆ ಸ್ಕೈಹುಕ್, ಆಗ ಗುಟ್ಟಾಗಿದ್ದ ನೌಕಾಪಡೆಯ ಬೃಹತ್ ಬಲೂನು. 1966ರ ಮಾರ್ಚಿನಲ್ಲಿ ಮಿಶಿಗನ್‌ನ ಬೆಳಕುಗಳಿಗೆ ಬ್ಲೂ ಬುಕ್‌ನ ಖಗೋಳ ಸಲಹೆಗಾರ ಜೆ. ಆಲನ್ ಹೈನೆಕ್, ಜೌಗಿನಲ್ಲಿ ಕೊಳೆತ ಗಿಡಗಳಿಂದ ಎದ್ದು ಹೊತ್ತಿಕೊಳ್ಳುವ 'ಜೌಗು ಅನಿಲ' ಎಂಬ ಸಾಧ್ಯತೆ ಹೇಳಿದರು. ಜನ ರೊಚ್ಚಿಗೆದ್ದರು, ಸಂಸದರು ವಿಚಾರಣೆ ಕೇಳಿದರು. ಅವಸರದ ಉತ್ತರ ಕೊಟ್ಟಾಗ ಕಂಡವರ ನಂಬಿಕೆ ಕಳೆದುಹೋಗುತ್ತದೆ, ಮುಂದಿನ ವರದಿ ನಿಮ್ಮ ತನಕ ಬರುವುದೇ ಇಲ್ಲ.

ಆದ್ದರಿಂದ ಪ್ರತಿ ವಿವರಣೆಯನ್ನೂ ಸಮಯ, ದಿಕ್ಕು, ಎತ್ತರ, ಚಲನೆ ಎಂಬ ನಾಲ್ಕರ ಮೇಲೆ ಉಜ್ಜಿ ನೋಡಿ. ಎರಡಕ್ಕೆ ಹೊಂದದಿದ್ದರೆ ಕೈಬಿಡಿ, ಅದೆಷ್ಟೇ ಸಹಜವೆನಿಸಿದರೂ. ಮಿನುಗುವ ಬೆಳಕಾದರೆ ಮಿನುಗಿನ ನಡುವಿನ ಅಂತರವನ್ನೂ ಅಳೆಯಿರಿ. 1980ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರೆಂಡಲ್‌ಶಮ್ ಕಾಡಿನಲ್ಲಿ ಅಮೆರಿಕದ ಸೈನ್ಯಾಧಿಕಾರಿ ಮಾಡಿಕೊಂಡ ಧ್ವನಿಮುದ್ರಿಕೆಯಲ್ಲಿ ಬೆಳಕು ಕಂಡಿತೆಂಬ ಕೂಗಿನ ಅಂತರ, ಆ ದಿಕ್ಕಿನಲ್ಲೇ ಇದ್ದ ಆರ್ಫರ್ಡ್‌ನೆಸ್ ದೀಪಸ್ತಂಭದ 5 ಸೆಕೆಂಡಿಗೆ ಹೊಂದಿತು. ಕರಾವಳಿಯ ವರದಿಗಳಿಗೆ ಈ ಪರೀಕ್ಷೆ ತಪ್ಪಿಸಬೇಡಿ.

ಕಡತ ಮುಚ್ಚುವುದು

ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 1977ರಿಂದ ಟುಲೂಸಿನಲ್ಲಿ ಇದಕ್ಕಾಗಿಯೇ ಒಂದು ಘಟಕ ನಡೆಸುತ್ತಿದೆ, ಈಗಿನ ಹೆಸರು ಜೇಪಾನ್. ಅದರ ನಾಲ್ಕು ದರ್ಜೆಗಳೇ ನಮಗೂ ಸಾಕು. ಎ: ಗುರುತು ಖಚಿತ. ಬಿ: ಬಹುಶಃ ಇದೇ. ಸಿ: ಮಾಹಿತಿ ಸಾಲದು. ಡಿ: ಮಾಹಿತಿ ಸಾಕಷ್ಟಿದೆ, ತನಿಖೆಯೂ ಆಗಿದೆ, ಆದರೂ ಗೊತ್ತಾಗಿಲ್ಲ. ಸಿ ಮತ್ತು ಡಿಯನ್ನು ಬೆರೆಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. 2023ರ ನವೆಂಬರ್ 19ರ ಮಧ್ಯಾಹ್ನ ಇಂಫಾಲ ವಿಮಾನ ನಿಲ್ದಾಣದ ಬಳಿ ವಸ್ತುವೊಂದು ಕಂಡು ಕೆಲವು ಗಂಟೆ ಹಾರಾಟ ನಿಂತಿತು, ವಾಯುಪಡೆಯ ರಫೇಲ್‌ಗಳು ಹುಡುಕಿದರೂ ಏನೂ ಸಿಗಲಿಲ್ಲ. ಕೋನ, ಸಮಯಗಳ ದಾಖಲೆ ಮುಂದಿಲ್ಲದೆ ಹೊರಗಿನವರು ಅದನ್ನು ಸಿ ಎಂದಷ್ಟೇ ಬರೆಯಬಹುದು. ಬಲೂನು ಎಂದೂ ಬರೆಯುವಂತಿಲ್ಲ, ಅನ್ಯಲೋಕದ್ದು ಎಂದೂ ಬರೆಯುವಂತಿಲ್ಲ.

ಎ ಅಥವಾ ಬಿ ಎಂದು ತೀರ್ಮಾನಿಸಿದಾಗ ಕಂಡವರಿಗೆ ಉತ್ತರದ ಜೊತೆ ಪರೀಕ್ಷೆಯನ್ನೂ ಕಳುಹಿಸಿ. 'ಅದು ಬೆಳ್ಳಿ' ಎಂದಷ್ಟೇ ಹೇಳಬೇಡಿ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ಅವರ ಊರು ಹಾಕಿ ಲೆಕ್ಕ ತೆಗೆಯಿರಿ. 'ನಾಳೆ ಸಂಜೆ ಇಷ್ಟು ಗಂಟೆಗೆ ನಿಮ್ಮ ಅಂಗಳದಿಂದ ಅದೇ ತೆಂಗಿನ ಮರದ ಎಡಕ್ಕೆ, ಬಾನಂಚಿನಿಂದ ಎರಡು ಮುಷ್ಟಿ ಮೇಲೆ ನೋಡಿ, ಅಲ್ಲಿ ಕಾಣದಿದ್ದರೆ ತಿಳಿಸಿ' ಎಂದು ಬರೆಯಿರಿ. ಕಾಣಲಿಲ್ಲವೆಂದು ಅವರು ತಿಳಿಸಿದರೆ ಕಡತವನ್ನು ಮತ್ತೆ ತೆರೆಯಿರಿ.